ಕೆಳಗಿನ ಮನೆಗೆ ತೊಂಬತ್ತೆರಡು ಮೆಟ್ಟಿಲು

ಸೇವಂತಿಗೆ ಎಲೆಯ ಕಹಿ ವಾಸನೆ ಮೂಗಿಗೇ ಅಡರುತ್ತಿದೆ, ಕುಂಡವನ್ನು ಹೀಗೆ ಎದೆಗೆ ಒತ್ತಿಕೊಂಡರೆ ಇನ್ನೇನಾಗುತ್ತದೆ, ಎಡಗೈಯಲ್ಲಿ ಕುಂಡ, ಬಲಗೈಯಲ್ಲಿ ಕಂಬಿ, ಕಂಬಿ ಕೊರೆಯುವಷ್ಟು ತಣ್ಣಗೆ, ಮೊದಲು ಯಾವ ಕಾಲು — ಹತ್ತುವಾಗ ಒಳ್ಳೆಯ ಕಾಲು, ಇಳಿಯುವಾಗ ಕೆಟ್ಟ ಕಾಲು, ಒಳ್ಳೇದು ಸ್ವರ್ಗಕ್ಕೆ ಕೆಟ್ಟದ್ದು ನರಕಕ್ಕೆ ಅಂತ ನೆನಪಿಟ್ಕೊಳ್ಳಿ ಮದಾಮ್, ಆಸ್ಪತ್ರೆಯ ಹುಡುಗಿ ಹಾಡಿನ ಹಾಗೆ ಹೇಳಿಕೊಟ್ಟಿದ್ದಳು — ಸೊಲಾಂಜ್ ಕೆಟ್ಟ ಕಾಲನ್ನು ನರಕಕ್ಕೆ ಇಳಿಸಿದಳು. ಒಂದು. ಇನ್ನು ತೊಂಬತ್ತೊಂದು. ಐದನೆಯ ಮಹಡಿಯಿಂದ ನೆಲಕ್ಕೆ ಇಳಿಯಲು ಮೊದಲೆಲ್ಲ ಒಂದು ನಿಮಿಷ ಸಾಕಿತ್ತು, ಈಗ ಕಾಲು ಗಂಟೆ, ಲಿಫ್ಟ್ ಇಲ್ಲ, ಸೇಂತ್ ಎತಿಯೆನ್ನಿನ ಈ ಹಳೆಯ ಕಟ್ಟಡಗಳಲ್ಲಿ ಕಲ್ಲಿದ್ದಲ ಗಣಿಯ ಮಸಿ ಉಂಟು, ಲಿಫ್ಟ್ ಮಾತ್ರ ಇಲ್ಲ, ಹತ್ತು ಗಂಟೆಗೆ ಕೀಲಿ ಕೊಡ್ತೀನಿ ಮದಾಮ್ ಸೊಲಾಂಜ್ ಎಂದಿದ್ದಾನೆ ಕೆಳಗಿನ ಮನೆಯ ಬಾಡಿಗೆಯವನು, ಲುದೊವಿಕ್, ಈಗ ಹತ್ತಕ್ಕೆ ಐದು ನಿಮಿಷ, ಕಾಯಲಿ, ಎರಡು ವರ್ಷ ಅವನು ಕಾಯಿಸಲಿಲ್ಲವೇ. ಡಿಸೆಂಬರ್ ಒಂಬತ್ತಕ್ಕೆ ಸೊಂಟದ ಕೀಲು ಬದಲಿಸುತ್ತಾರೆ. ಆಮೇಲೆ ಆರು ವಾರ ಮೆಟ್ಟಿಲು ಹತ್ತೋ ಹಾಗಿಲ್ಲ, ಮನೆ ಎಷ್ಟನೇ ಮಹಡಿ, ಡಾಕ್ಟರು ತಲೆಯೆತ್ತದೆ ಕೇಳಿದ್ದರು, ನೆಲದ ಮಟ್ಟದಲ್ಲಿದೆ ಡಾಕ್ಟರೇ, ಸ್ವಂತದ್ದು, ಎಂದು ಹೇಳುವಾಗ ಎಷ್ಟು ಗತ್ತಿತ್ತು ತನ್ನ ದನಿಯಲ್ಲಿ. ಸುಳ್ಳಲ್ಲ. ಮನೆ ಸ್ವಂತದ್ದೇ, ಒಳಗಿರುವವನು ಮಾತ್ರ ಬೇರೆ. ಹದಿನೆಂಟು, ನಾಲ್ಕನೆಯ ಮಹಡಿ, ಉಸಿರು ಬಿಡು.

ಕಲ್ಲಿಗೆ ಹಾಕಿದ ದುಡ್ಡು ಕರಗೋದಿಲ್ಲ ಕಣೇ, ನನ್ನ ಗಂಡ ಲ್ಯುಸಿಯೆನ್ ಅದನ್ನೇ ಹೇಳುತ್ತಿದ್ದ, ಸೂಪಿಗೆ ಬ್ರೆಡ್ಡು ಅದ್ದುತ್ತ ಹೇಳುತ್ತಿದ್ದ, ಕೆಳಗಿನ ಮನೆ ಮಾರಾಟಕ್ಕೆ ಬಂದಾಗ ಇಬ್ಬರೂ ಸೇರಿ ತೆಗೆದುಕೊಂಡೆವು, ಮಂಡಿ ಗಟ್ಟಿ ಇರೋ ತನಕ ಬಾಡಿಗೆಗೆ ಕೊಡೋಣ, ಮಂಡಿ ಹೋದ ದಿನ ನಾವೇ ಇಳಿದು ಹೋಗೋಣ, ಎಷ್ಟು ಸರಳವಾಗಿತ್ತು ಆ ಲೆಕ್ಕಾಚಾರ, ಅವನು ಮಾತ್ರ ಮಂಡಿ ಹೋಗುವ ಮೊದಲೇ ತಾನೇ ಹೋಗಿಬಿಟ್ಟ, ಜಾಣ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಮನೆಯನ್ನು ಬಾಡಿಗೆಗೆ ಕೊಟ್ಟು ನೋಡಿರಲಿಲ್ಲ. ಮೊದಲಿನ ಟೀಚರಮ್ಮ ಬಂಗಾರದಂಥವಳು, ಆಮೇಲೆ ಲುದೊವಿಕ್, ಇಸ್ತ್ರಿ ಮಾಡಿದ ಅಂಗಿ, ಮೃದುವಾದ ಮಾತು, ಒಂದು ಚಿಕ್ಕ ಅಕ್ವೇರಿಯಂ ಇದೆ ಮದಾಮ್, ಪರವಾಗಿಲ್ಲ ತಾನೇ, ಮೀನುಗಳು ಗಲಾಟೆ ಮಾಡೋದಿಲ್ಲ. ಪರವಾಗಿಲ್ಲಪ್ಪ, ಎಂದದ್ದು ಯಾರು, ಇದೇ ಬಾಯಿ. ಒಂದು ಎರಡಾಯಿತು, ಎರಡು ಹದಿನಾಲ್ಕಾಯಿತು, ಮರಿ ಮಾಡಿಸಿ ಮಾರುತ್ತಾನಂತೆ, ಹದಿನಾಲ್ಕು ಗಾಜಿನ ತೊಟ್ಟಿಗಳ ಬೆಚ್ಚನೆಯ ನೀರು ಹಗಲಿರುಳು ಆವಿಯಾಗಿ ಗೋಡೆಗೆ ಏರುತ್ತದೆ, ಅಡುಗೆಮನೆಯ ಮೂಲೆಯಲ್ಲಿ ಕಪ್ಪು ಬೂಷ್ಟು, ಮಲಗುವ ಕೋಣೆಯ ಮರದ ನೆಲ ಉಬ್ಬಿಕೊಂಡು ಬಾಗಿಲು ಮುಚ್ಚುವುದಿಲ್ಲ, ಲ್ಯುಸಿಯೆನ್ ಮಂಡಿಯೂರಿ ಹಲಗೆ ಹಲಗೆಯಾಗಿ ಕೂರಿಸಿದ ನೆಲ. ಸ್ವಲ್ಪ ಕಿಟಕಿ ತೆಗೀಬಾರದೇನಪ್ಪ ಎಂದರೆ, ಮೀನಿಗೆ ಥಂಡಿ ಆಗುತ್ತೆ ಮದಾಮ್, ಇವು ಅಮೆಜಾನಿನವು. ಅಮೆಜಾನಿನವಂತೆ! ಬಾಡಿಗೆಯನ್ನೂ ನಿಲ್ಲಿಸಿದ, ಗೋಡೆ ತೇವವಾಗಿದೆ ರಿಪೇರಿ ಮಾಡಿಸಿಕೊಡಿ ಎಂದು ಅವನೇ ನನಗೆ ರಿಜಿಸ್ಟರ್ ಪತ್ರ ಬರೆದ, ಕಳ್ಳನೇ ಪೊಲೀಸರನ್ನು ಕರೆದ ಹಾಗೆ. ಹಾಳಾಗಿ ಹೋಗಲಿ ಬಾಡಿಗೆ, ಅದನ್ನು ಕೇಳುವುದನ್ನೇ ಬಿಟ್ಟಿದ್ದೇನೆ, ನನಗೆ ಬೇಕಾದದ್ದು ಬಾಗಿಲಿನೊಳಗೆ ಮೂರು ಹೆಜ್ಜೆಗೆ ಸಿಗುವ ಒಂದು ಮಂಚ. ಅದಕ್ಕಾಗಿ ಎರಡು ವರ್ಷ ಕೋರ್ಟು, ವಸಂತದಲ್ಲಿ ಆಗಬೇಕಿದ್ದ ಆಪರೇಷನ್ನು ಒಮ್ಮೆ ಮುಂದೆ ಹೋಯಿತು, ಇನ್ನೊಮ್ಮೆ ಮುಂದೆ ಹಾಕಿದ್ರೆ ಬರೋ ವರ್ಷವೇ, ಆಸ್ಪತ್ರೆಯ ಗುಮಾಸ್ತೆ ತರಕಾರಿ ಮಾರುವವಳ ಹಾಗೆ ಹೇಳಿದಳು. ಮೂರನೆಯ ಮಹಡಿ. ಯಾರದೋ ಮನೆಯಲ್ಲಿ ಈರುಳ್ಳಿ ಹುರಿಯುತ್ತಿದ್ದಾರೆ, ಹಬ್ಬದ ಊಟ, ಸೊಂಟದೊಳಗೆ ಯಾರೋ ಮೊಳೆ ತಿರುಗಿಸುತ್ತಿದ್ದಾರೆ.

ಕೊನೆಗೂ ತೀರ್ಪು ಬಂತು, ಮನೆ ಖಾಲಿ ಮಾಡಿಸೋದಕ್ಕೆ ಕೋರ್ಟಿನ ಅಮೀನ ದಿನ ಕೊಟ್ಟ, ಗುರುವಾರ, ಅಕ್ಟೋಬರ್ ಮೂವತ್ತು, ಬೆಳಿಗ್ಗೆ ಒಂಬತ್ತಕ್ಕೆ, ಪೊಲೀಸರ ಜೊತೆ, ಇದು ತಪ್ಪಿದ್ರೆ ನನ್ನ ಕೈಯಲ್ಲಿಲ್ಲ ಮದಾಮ್, ನವೆಂಬರ್ ಒಂದರಿಂದ ಚಳಿಗಾಲದ ತಡೆ, ಮಾರ್ಚ್ ಮುಗಿಯೋ ತನಕ ಯಾರನ್ನೂ ಮನೆಯಿಂದ ಹೊರಗೆ ಹಾಕೋ ಹಾಗಿಲ್ಲ, ಕಾನೂನು. ಗೊತ್ತು, ಈ ದೇಶದಲ್ಲಿ ಅದು ಗೊತ್ತಿಲ್ಲದವರು ಯಾರು. ಗೊತ್ತಿದ್ದೂ — ಬುಧವಾರ ಸಂಜೆ ಬಾಗಿಲು ತಟ್ಟಿದ ಸದ್ದು, ಏದುಸಿರು ಬಿಡುತ್ತ ಲುದೊವಿಕ್, ಕೈಯಲ್ಲಿ ಈ ಕುಂಡ, ಹಳದಿ ಸೇವಂತಿಗೆ, ಇದು ನಿಮಗಲ್ಲ ಮದಾಮ್, ತಪ್ಪು ತಿಳೀಬೇಡಿ, ಮೊಸ್ಯೊ ಲ್ಯುಸಿಯೆನ್ ಸಮಾಧಿಗೆ, ಸಮಾಧಿಗೆ ಸೇವಂತಿಗೆ ಇಡೋ ಹಬ್ಬ ಬಂತಲ್ಲ, ಒಂದನೇ ತಾರೀಕು, ಈ ಕಾಲಿನಲ್ಲಿ ನೀವು ಮಾರುಕಟ್ಟೆಗೆ ಹೋಗೋಕಾಗುತ್ತೋ ಇಲ್ಲವೋ ಅಂತ. ಮಗಳಿಗೂ ನೆನಪಾಗಿರಲಿಲ್ಲ ಅದು. ಒಳಗೆ ಬಾಪ್ಪ ಎಂದೆ. ಕಾಫಿ ಮಾಡಿದೆ, ದಡ್ಡಿ, ಕಾಫಿ ಬೇರೆ. ಅಮೀನ ಬಂದ್ರೆ ತೊಟ್ಟಿಗಳನ್ನ ಬೀದಿಗೆ ಇಡ್ತಾನೆ ಮದಾಮ್, ಅರ್ಧ ಗಂಟೇಲಿ ಎಲ್ಲಾ ಸಾಯುತ್ವೆ, ಗೆಳೆಯನ ವ್ಯಾನು ಸಿಗೋದು ಶನಿವಾರ, ಎರಡೇ ಎರಡು ದಿನ, ಶನಿವಾರ ಹತ್ತು ಗಂಟೆಗೆ ನಾನೇ ಕೀಲಿ ನಿಮ್ಮ ಕೈಗೆ ಇಡ್ತೀನಿ, ನನ್ನ ಮಾತು, ಪೊಲೀಸು ಗಿಲೀಸು ಯಾಕೆ, ನಲವತ್ತು ವರ್ಷ ಬಾಳಿದ ಕಟ್ಟಡದ ಮುಂದೆ ನಿಮಗೂ ಮುಜುಗರ ಅಲ್ವಾ. ನಿಜ, ಮುಜುಗರವೇ, ಪ್ರತಿ ಕಿಟಕಿಯಲ್ಲೂ ಒಂದೊಂದು ತಲೆ, ಕಲ್ಲುಹಾಸಿನ ಮೇಲೆ ಬಾಲ ಬಡಿಯುವ ಮೀನುಗಳು, ನೋಡೋದಕ್ಕಾಗುತ್ತಿತ್ತೇ. ಕಾನೂನು ಅವನನ್ನು ಹೊರಗೆ ಹಾಕಬೇಡ ಎನ್ನುತ್ತದೆ, ಅವನಾಗಿ ಹೋಗಬೇಡ ಎನ್ನುವುದಿಲ್ಲವಲ್ಲ, ಎಂದುಕೊಂಡು ಅವನ ಎದುರಿಗೇ ಫೋನು ಎತ್ತಿದೆ, ಅಮೀನರೇ ನಾಳೆ ಬರೋದು ಬೇಡ. ನಿಜವಾಗ್ಲೂ ಬೇಡ್ವಾ ಮದಾಮ್? ಬೇಡ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದೆ.

ತಂಗಿ ಮಿರೇಯ್ ಫೋನಿನಲ್ಲೇ ಕುಣಿದಾಡಿದಳು, ನಿಂಗೇನು ತಲೆ ಕೆಟ್ಟಿದೆಯಾ ಅಕ್ಕಾ, ಅಮೀನನ್ನ ಬೇಡ ಅಂದ್ಯಾ, ಒಂದು ಹೂವಿನ ಕುಂಡಕ್ಕೆ ಮನೆ ಮಾರಿಕೊಂಡ್ಯಲ್ಲೇ. ಅವನು ಮಾತು ಕೊಟ್ಟಿದ್ದಾನೆ ಕಣೇ. ಮಾತು! ಆ ಮಾತನ್ನ ಆಪರೇಷನ್ ಆದ ಮೇಲೆ ಐದು ಮಹಡಿ ಹತ್ತೋಕೆ ಊರುಗೋಲು ಮಾಡ್ಕೋ. ಅವಳ ಬಾಯಿಗೆ ಬೀಗವೇ ಇಲ್ಲ, ಚಿಕ್ಕಂದಿನಿಂದಲೂ ಹಾಗೇ, ಇವತ್ತು ಕೀಲಿಯ ಫೋಟೋ ತೆಗೆದು ಕಳಿಸುತ್ತೇನೆ, ಬಾಯಿ ಮುಚ್ಚಲಿ. ಎರಡನೆಯ ಮಹಡಿ. ಬೀದಿಯಲ್ಲಿ ವ್ಯಾನಿನ ಸದ್ದು ಕೇಳಿತಲ್ಲ, ಕೇಳಿತು, ಇಲ್ಲ, ಅದು ಬಸ್ಸು, ಹಬ್ಬದ ದಿನ ಬಸ್ಸೂ ಕಡಿಮೆ, ಸ್ಮಶಾನಕ್ಕೆ ಹನ್ನೊಂದೂವರೆಯದು ಸಿಗಬಹುದು. ತೊಟ್ಟಿ ಸಾಗಿಸುವವರ ಕೂಗಾಟ ಕೇಳಬೇಕಿತ್ತು ಇಷ್ಟು ಹೊತ್ತಿಗೆ, ಆ ಕಡೆ ಹಿಡಿ, ಈ ಕಡೆ ಎತ್ತು, ಏನೂ ಇಲ್ಲ, ಬೆಳಿಗ್ಗೆ ಬೇಗನೇ ಸಾಗಿಸಿ ಮುಗಿಸಿರಬೇಕು, ಅಚ್ಚುಕಟ್ಟಿನ ಮನುಷ್ಯ, ಅಂಗಿಗೆ ಇಸ್ತ್ರಿ ಮಾಡುವವನು. ಮೊದಲನೆಯ ಮಹಡಿ, ಮದಾಮ್ ವಿತಾಲಿಯ ರೇಡಿಯೋ, ಕೆಟ್ಟ ಕಾಲು ನರಕಕ್ಕೆ, ಕೆಟ್ಟ ಕಾಲು ನರಕಕ್ಕೆ, ತೊಂಬತ್ತು, ತೊಂಬತ್ತೊಂದು.

ನೆಲ. ಕುಂಡವನ್ನು ಕೆಳಗಿಟ್ಟು ಬಾಗಿಲು ತಟ್ಟಿದಳು. ಒಳಗೆ ಗುಳುಗುಳು, ಹದಿನಾಲ್ಕು ತೊಟ್ಟಿಗಳ ಗುಳುಗುಳು, ಎಲ್ಲೂ ಹೋಗಿಲ್ಲ ಅವು. ಕೈಚೀಲದಿಂದ ತನ್ನ ಹಳೆಯ ಕೀಲಿ ತೆಗೆದಳು, ಯಾಕೆ ತೆಗೆದಳೋ, ಕೈ ತಾನಾಗಿ ತೆಗೆಯಿತು, ಕೀಲಿ ಹೋಗಿ ಬೀಗಕ್ಕೆ ತಗುಲಿ ಅಲ್ಲೇ ನಿಂತಿತು, ಒಳಗೆ ಇಳಿಯಲಿಲ್ಲ, ಆಗ ಕಂಡಿತು — ಹೊಸದು. ಹಿತ್ತಾಳೆಯದು. ಮದಾಮ್ ಸೊಲಾಂಜ್, ನೀವಾ, ಬಾಗಿಲಿನ ಆಚೆಯಿಂದ ಅದೇ ಮೃದುವಾದ ಮಾತು, ವ್ಯಾನು ಕೈಕೊಡ್ತು ನೋಡಿ, ಏನ್ಮಾಡೋದು, ಇವತ್ತು ಒಂದನೇ ತಾರೀಕು ಬೇರೆ, ಕಾನೂನು ನಾನು ಮಾಡಿದ್ದಲ್ಲ, ಏಪ್ರಿಲ್ ಒಂದಕ್ಕೆ ಕೂತು ಮಾತಾಡೋಣ. ಏಪ್ರಿಲ್ ಒಂದಂತೆ, ಮಕ್ಕಳು ದೊಡ್ಡವರ ಬೆನ್ನಿಗೆ ಕಾಗದದ ಮೀನು ಅಂಟಿಸಿ ನಗುವ ದಿನ. ಬಾಗಿಲು ತೆಗೀ ಲುದೊವಿಕ್, ನನಗೆ ಡಿಸೆಂಬರ್‌ನಲ್ಲಿ ಆಪರೇಷನ್ನು, ನಿನಗೆ ಗೊತ್ತು, ನಿನಗೆ ಹೇಳಿದ್ದೆ, ಕಾಫಿ ಕುಡಿಯುವಾಗ ಹೇಳಿದ್ದೆ. ಬೇಗ ಗುಣವಾಗಲಿ ಮದಾಮ್. ಗುಳುಗುಳು. ಮೇಲಿನಿಂದ ಮದಾಮ್ ವಿತಾಲಿ ಕಂಬಿಯ ಮೇಲೆ ಬಗ್ಗಿ, ಬೀಗ ಚೆನ್ನಾಗಿದೆ ಅಲ್ವಾ ಸೊಲಾಂಜ್, ಬುಧವಾರ ಮಧ್ಯಾಹ್ನ ಬೀಗದವನು ಬಂದು ಹಾಕಿದ, ನೀವೇ ಕಳಿಸಿದ್ದು ಅಂದ್ಕೊಂಡೆ.

ಬುಧವಾರ ಮಧ್ಯಾಹ್ನ. ಅವನು ಹೂವು ಹೊತ್ತು ಬಂದದ್ದು ಸಂಜೆ. ಐದು ಮಹಡಿ ಹತ್ತಿ, ಏದುಸಿರು ಬಿಟ್ಟು, ಎರಡು ಚಮಚ ಸಕ್ಕರೆ ಕೇಳಿ, ನನ್ನ ಮಾತು ಎಂದಾಗ, ನಾನು ಫೋನು ಎತ್ತಿದಾಗ, ಅದು ಆಗಲೇ ಈ ಬಾಗಿಲಲ್ಲಿ ಕೂತಿತ್ತು. ಮಿರೇಯ್‌ಗೆ ಏನು ಹೇಳಲಿ, ಡಾಕ್ಟರಿಗೆ ಏನು ಹೇಳಲಿ, ನೆಲದ ಮಟ್ಟದಲ್ಲಿದೆ ಡಾಕ್ಟರೇ, ಸ್ವಂತದ್ದು — ಅವನು ಲೋಟ ತೊಳೆದೂ ಇಟ್ಟ, ಆಗಲೂ ಅದು ಇಲ್ಲಿ, ಹಿತ್ತಾಳೆ, ಹೊಳೆಯುತ್ತ. ಹಿಂದೆ ತೊಂಬತ್ತೆರಡು ಮೆಟ್ಟಿಲು, ಒಳ್ಳೆಯ ಕಾಲು ಸ್ವರ್ಗಕ್ಕೆ, ಯಾವುದು ಒಳ್ಳೆಯ ಕಾಲು, ಹತ್ತಬೇಕು, ಹತ್ತಲಾರೆ, ಹಿತ್ತಾಳೆಯ ಮೇಲೆ ಗೀರು ಬೀಳದ ಹಾಗೆ ಅಂಗಡಿಯವರು ಅಂಟಿಸುವ ತೆಳು ಪ್ಲಾಸ್ಟಿಕ್ ಹಾಳೆ, ಅದನ್ನು ಅವನು ಇನ್ನೂ ಕಿತ್ತಿಲ್ಲ, ಒಂದು ತುದಿ ಮಾತ್ರ ಬಿಟ್ಟುಕೊಂಡು ಬಾಗಿಲ ಸಂದಿಯ ಗಾಳಿಗೆ ಅಲ್ಲಾಡುತ್ತಿದೆ, ಆ ತುದಿ, ಅಲ್ಲಾಡುತ್ತಿದೆ, ಆ ತುದಿ