ಕುರಿ ಗಾಡಿಯ ಡಬ್ಬಿ

ಪಿಕಪ್ ಗಲ್ಲಿಯ ತಿರುವಿನಲ್ಲಿ ಎರಡು ಸಲ ಮುಗ್ಗರಿಸಿ, ಗೊರಗೊರ ಅಂದು ನಿಂತಿತು. ಮನೆಯೊಳಗೆ ಹೆಂಗಸರ ನಡುವೆ ಮುಖ ಮುಚ್ಚಿಕೊಂಡು ಅಳುತ್ತಿದ್ದ ಮಿಸ್ಬಾ ತಟ್ಟನೆ ತಲೆ ಎತ್ತಿದಳು.

"ಎರಡನೇ ಗೇರಿನಾಗ ಸಿಕ್ಕೊಂಡದ," ಅಂದಳು.

ಪಕ್ಕದ ಮನೆಯ ಸೂಗಮ್ಮ ಅವಳ ತೋಳು ಹಿಡಿದಳು. "ಏ ಹುಡುಗಿ, ಅಪ್ಪನ ಹೆಣ ಅಂಗಳದಾಗ ಅದ. ಗೇರು ತಗೊಂಡು ಏನ್ ಮಾಡ್ತಿ?"

"ಅವಿನಾಶ ಕಾಕಾನ ಗಾಡಿ ಅದು. ಅಮ್ಮಿ, ಅಂವ ಬಂದಾನ."

ತಾಯಿ ಅಸ್ಗರಿ ಅಳು ನಿಲ್ಲಿಸಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಬರ್ಲಿ," ಅಂದಳು.

ಹುಮನಾಬಾದಿನಲ್ಲಿ ಮೂವತ್ತು ವರ್ಷ ಗಾಡಿ ರಿಪೇರಿ ಮಾಡಿದ ಅಬ್ದುಲ್ ಕರೀಂ ಆ ದಿನ ಬೆಳಿಗ್ಗೆ ಚಹಾ ಕುಡಿಯುತ್ತ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮಣ್ಣು ಮಾಡುವುದೆಂದು ಹಿರಿಯರು ನಿಶ್ಚಯಿಸಿದ್ದರು. ಸುದ್ದಿ ಕೇಳಿದಾಗ ಅವಿನಾಶ ಹದಿನಾಲ್ಕು ಕುರಿ ತುಂಬಿಕೊಂಡು ಬಸವಕಲ್ಯಾಣದ ಸಂತೆಗೆ ಹೊರಟಿದ್ದ. ಗಾಡಿ ತಿರುಗಿಸಿಕೊಂಡು ಬಂದಿದ್ದ. ಅಷ್ಟರಮಟ್ಟಿಗೆ ಅವನು ಕೆಟ್ಟವನಲ್ಲ ಅನ್ನಿ.

ಕರೀಮನ ತಮ್ಮ ಖಾಜಾಮಿಯಾ ಅವನನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಬಾಗಿಲ ಪರದೆಯ ಹತ್ತಿರ ಬಂದ.

"ಭಾಬಿ, ಅವಿನಾಶ ಬಂದಾರ. ಮೈಯತ್ ಎತ್ತೂ ಮೊದಲ ಎಲ್ಲಾರ ಮುಂದ ಅವರ ಹೆಸರು ಹಿಡದು ಮಾಫಿ ಕೇಳ್ತೀನಿ. ಡಬ್ಬಿ ಮಾತು ಇವತ್ತಿಗೆ ಮುಗೀಲಿ."

ಹೆಣ ಎತ್ತುವ ಮೊದಲು ಮನೆಯ ಗಂಡಸೊಬ್ಬ ಎದ್ದು ನಿಂತು, ಸತ್ತವರು ಆಡಿದ್ದು ಮಾಡಿದ್ದನ್ನೆಲ್ಲ ಮಾಫ್ ಮಾಡಿರಿ ಎಂದು ಕೇಳುವುದು ವಾಡಿಕೆ. ದೇವರಿಗೆ ಮಾಡಿದ ತಪ್ಪನ್ನು ದೇವರು ಬಿಟ್ಟಾನು; ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಬಿಡಬೇಕು. ಖಾಜಾಮಿಯಾನ ಹೆದರಿಕೆ ಸುಳ್ಳಲ್ಲ. ಅಣ್ಣನ ಕೊರಳಿಗೆ ಇದೊಂದು ಜೋತುಬಿದ್ದು ಹೋದೀತು.

"ಹೆಸರು ಹಿಡದು ಕೇಳಿದ್ರ, ನನ್ನ ಗಂಡ ಕಳ್ಳ ಅಂತ ನೀನೇ ಡಂಗುರ ಹೊಡದಂಗ," ಪರದೆಯ ಒಳಗಿನಿಂದ ಅಸ್ಗರಿ ಅಂದಳು. "ಅವ್ರು ಮಾಡಿದ್ದ ತಪ್ಪರ ಏನು?"

"ಗೋರಿನಾಗ ಹಿಸಾಬ್ ಆಗ್ತದ, ಭಾಬಿ."

"ಆಗ್ಲಿ. ಯಾವ ಡಬ್ಬಿ ಹೊಸಾದು, ಯಾವುದು ಹಳೇದು ಅಂತ ಅಲ್ಲಿ ಚಲೋ ಗೊತ್ತದ."

* * *

ಕ್ಲಚ್ ಇಲ್ಲದ, ತಾನೇ ಗೇರು ಬದಲಿಸಿಕೊಳ್ಳುವ ಪಿಕಪ್ ಅದು. ಕೊಂಡ ದಿನ ಅವಿನಾಶ ಊರೆಲ್ಲ ಮೆರೆದಿದ್ದ. ವರ್ಷದೊಳಗೆ ಗಾಡಿ ಎರಡನೇ ಗೇರು ಬಿಟ್ಟು ಮೇಲೆ ಹೋಗಲೊಲ್ಲದಾಯಿತು. ಹಗ್ಗ ಕಟ್ಟಿ ಎಳೆದುಕೊಂಡು ಕರೀಮನ ಶೆಡ್ಡಿಗೆ ತಂದ.

ಮಿಸ್ಬಾ ಸ್ಕ್ಯಾನರ್ ಹಚ್ಚಿ ನೋಡಿದಳು. ಐಟಿಐ ಮುಗಿಸಿದ ಮೇಲೆ ಅವಳು ಅಪ್ಪನ ಶೆಡ್ಡಿನಲ್ಲೇ ಕೆಲಸಕ್ಕೆ ನಿಂತಿದ್ದಳು. ಗೇರಿನ ಕಂಪ್ಯೂಟರಿನಿಂದ ಉತ್ತರವೇ ಇಲ್ಲ. ಅಂಗೈಯಗಲದ ಕರಿ ಡಬ್ಬಿ, ಕ್ಯಾಬಿನ್ನಿನ ಹಿಂದೆ, ಕುರಿ ನಿಲ್ಲುವ ಹಲಗೆಯ ಕೆಳಗೆ ಕೂತಿರುತ್ತದೆ. ಹೈದರಾಬಾದಿನಿಂದ ಹೊಸ ಡಬ್ಬಿ ಬಸ್ಸಿನಲ್ಲಿ ಬಂತು. ಕರೀಂ ಕೆಳಗೆ ಮಲಗಿ ಬೋಲ್ಟು ಬಿಗಿದ. ಮಗಳು ಮೇಲೆ ಕೂತು ಹೊಸ ಡಬ್ಬಿಗೆ ಒಂದೊಂದೇ ಗೇರಿನ ಗುರುತು ಕಲಿಸಿದಳು.

"ಹಲಗಿ ಕೆಳಗ ತಗಡು ಹೊಡಸು, ಅವಿನಾಶ," ಕರೀಂ ಹೇಳಿದ. "ಕುರಿ ಉಚ್ಚಿ ಸೋರಿ ನೆಟ್ಟಗ ಡಬ್ಬಿ ಮ್ಯಾಲೆ ಬೀಳಾಕತ್ತದ. ಪಿನ್ನು ಹಸರುಗಟ್ಟಿ ತಿಂದು ಹೋಗ್ಯಾವ. ಹಿಂಗೇ ಬಿಟ್ರ ಇದೂ ಹೋಗ್ತದ."

ಅವಿನಾಶ ಹೊಟ್ಟೆ ಹಿಡಿದುಕೊಂಡು ನಕ್ಕ. "ಕುರಿ ಉಚ್ಚಿಗಿ ಕಂಪ್ಯೂಟರ್ ಸಾಯ್ತದೇನು ಭಾಯಿ?"

ಸತ್ತಿತು. ನಾಲ್ಕೇ ತಿಂಗಳಿಗೆ, ಬಸವಕಲ್ಯಾಣದ ಹತ್ತಿರ. ಅಲ್ಲಿನ ಗ್ಯಾರೇಜಿನವನೊಬ್ಬ ಡಬ್ಬಿ ಬಿಚ್ಚಿ, "ಇದು ಹಳೇದು. ನಿಮಗ ಟೋಪಿ ಹಾಕ್ಯಾರ," ಅಂದ. ತಾನು ಬೇರೆ ಡಬ್ಬಿ ಹಾಕಿಕೊಟ್ಟ. ಅವಿನಾಶ ನೇರವಾಗಿ ಹುಮನಾಬಾದಿನ ಚೌಕಿಗೆ ಬಂದು, ಚಹಾ ಕುಡಿಯುತ್ತ ನಿಂತಿದ್ದ ಕರೀಮನ ಮೇಲೆ ಹರಿಹಾಯ್ದ. "ಹಳೇ ಡಬ್ಬಿ ತೊಳದು ಹೊಸಾದಂತ ಹಾಕ್ಯಾನ. ಕಳ್ಳ!"

ಕರೀಂ ಲೋಟ ಕೆಳಗಿಟ್ಟ. "ಹೊಸಾದು ಹಾಕೀನಿ. ಇನ್ನೊಮ್ಮೆ ಹೇಳಂಗಿಲ್ಲ."

ಹೇಳಲೂ ಇಲ್ಲ. ಗಾಡಿಗಳು ಬರುವುದು ನಿಂತಿತು. ಬಿಲ್ಲು ತೋರಿಸೋಣ ಎಂದು ಮಗಳು ಅತ್ತಳು. "ಮನುಷ್ಯಾನ್ನ ನಂಬದವ ಕಾಗದ ನಂಬಿದ್ರ ಎಷ್ಟು, ಬಿಟ್ರ ಎಷ್ಟು?" ಅಂದ ಕರೀಂ. ದಿನಾ ಎಂಟಕ್ಕೆ ಶಟರು ಎತ್ತುತ್ತಿದ್ದ, ಕೆಲಸವಿಲ್ಲದಿದ್ದರೆ ಓಣಿಯವರ ಮಿಕ್ಸರು, ಫ್ಯಾನು ರಿಪೇರಿ ಮಾಡುತ್ತಿದ್ದ. ಒಂದು ದಿನವೂ ಅಂಗಡಿ ಮುಚ್ಚಲಿಲ್ಲ. ಮೊಂಡ ಅಂದರೆ ಮೊಂಡ! ಹೆಂಡತಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಹೋಗಿ ರಾಜಿ ಮಾಡಿಕೊಂಡು ಬಾ ಎಂದು ಅವಳೂ ಒಂದು ದಿನ ಅನ್ನಲಿಲ್ಲ.

* * *

ಹೆಣ ಹೊರುವ ಜನಾಜಾ ಸಿದ್ಧವಾಯಿತು. ಖಾಜಾಮಿಯಾ ಎದ್ದು ನಿಂತ. ಅಂಗಳದಲ್ಲಿ ಗಲಾಟೆ ಅಡಗಿತು.

"ನಮ್ಮ ಅಣ್ಣ ಆಡಿದ್ದು, ಮಾಡಿದ್ದು ಎಲ್ಲಾರೂ ಮಾಫ್ ಮಾಡ್ರಿ. ಯಾರದರ ಬಾಕಿ, ಹಕ್ಕು ಉಳದಿದ್ರ ನನಗ ಹೇಳ್ರಿ. ಮತ್ತ ಅವಿನಾಶ ಅವರು..."

"ಚಾಚಾ, ನಿಲ್ರಿ."

ಮಿಸ್ಬಾ ಪರದೆ ಸರಿಸಿ ಹೊರಗೆ ಬಂದಿದ್ದಳು. ಹಿರಿಯನೊಬ್ಬ, "ಹೆಣ್ಣುಮಗಳು ಗಂಡಸರ ನಡಬರಕ..." ಎಂದು ಶುರುಮಾಡಿದ. ಒಳಗಿನಿಂದ ಅಸ್ಗರಿಯ ದನಿ ಬಂತು: "ಆಕಿ ಮಾತಾಡ್ಲಿ. ಡಬ್ಬಿಗಿ ಗೇರು ಕಲಿಸಿದಾಕಿ ಆಕೀನೇ."

ಅವಿನಾಶ ದೊಡ್ಡ ಮನಸ್ಸು ಮಾಡಿದ. "ಇರ್ಲಿ ಬಿಡವ್ವ. ನಾ ಎಂದೋ ಮಾಫ್ ಮಾಡೀನಿ. ಸತ್ತವರ ಮ್ಯಾಲ ಎಂಥಾ ಸಿಟ್ಟು?"

"ನಿಮ್ಮ ಮಾಫಿ ಯಾರಿಗೆ ಬೇಕಾಗ್ಯದ?" ಅಂದಳು ಮಿಸ್ಬಾ. "ಚಾಚಾ, ಎಲ್ಲಾರ ಹತ್ರ ಕೇಳ್ರಿ. ಅಬ್ಬಾಗ ಸಿಟ್ಟು ಬಾಳ ಇತ್ತು, ಮಂದಿಗಿ ಬೈದಾರ, ಅದಕ್ಕ ಕೇಳ್ರಿ. ಡಬ್ಬಿಗಿ ಕೇಳಬ್ಯಾಡ್ರಿ."

ಖಾಜಾಮಿಯಾ ಅಣ್ಣನ ಮುಖ ನೋಡಿದ. ಅವಿನಾಶನ ಮುಖ ನೋಡಿದ. ಜೀವಮಾನದಲ್ಲಿ ಯಾರಿಗೂ ಎದುರಾಡದ ಮನುಷ್ಯ.

"ಎಲ್ಲಾರ ಹತ್ರ ಕೈ ಮುಗದು ಮಾಫಿ ಕೇಳ್ತೀನಿ," ಅಂದ. "ಡಬ್ಬಿಗಿ ಕೇಳಂಗಿಲ್ಲ. ನಮ್ಮ ಅಣ್ಣ ಹೊಸಾದೇ ಹಾಕ್ಯಾನ."

ಅವಿನಾಶನ ಮುಖ ಕೆಂಪಾಯಿತು. "ಹಂಗಾದ್ರ ನಾ ಸುಳ್ಳ ಹೇಳೀನೇನು?"

"ಈಗ ಗಾಡ್ಯಾಗ ಇರೋ ಡಬ್ಬಿ ಬಸವಕಲ್ಯಾಣದವರದು," ಮಿಸ್ಬಾ ಅಂದಳು. "ಅದನ್ನ ಅಬ್ಬಾ ಮುಟ್ಟಿಲ್ಲ. ಮತ್ತ ಗಾಡಿ ಎರಡನೇ ಗೇರು ಬಿಟ್ಟು ಯಾಕ ಹೋಗವಲ್ದು? ಕೆಳಗ ಹೋಗಿ ನೋಡ್ರಿ. ಡಬ್ಬಿ ಸಾಕೆಟ್ ಕಿತ್ತು ನೀವೇ ನೋಡಿ ನೀವೇ ಹೇಳ್ರಿ. ನಾ ಇನ್ನೊಂದು ಮಾತು ಆಡಂಗಿಲ್ಲ."

"ನೋಡ್ತೀನಿ, ನನಗೇನು ಅಂಜಿಕಿ?"

ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಅವನು ಗಲ್ಲಿಯ ಮಣ್ಣಿನಲ್ಲಿ ಅಂಗಾತ ಮಲಗಿ ಪಿಕಪ್ಪಿನ ಕೆಳಗೆ ತೂರಿಕೊಂಡ. ಮೊಬೈಲ್ ಬೆಳಕು ಅತ್ತಿತ್ತ ಆಡಿತು. ಮೇಲೆ ಕುರಿಗಳು ಗಾಬರಿಯಾಗಿ ಕಾಲು ಬದಲಿಸಿದವು. ಹಲಗೆಯ ಸಂದಿನಿಂದ ತೊಟತೊಟ ಸೋರಿತು. ಅವಿನಾಶ ಥೂ ಥೂ ಎಂದು ಉಗುಳುವುದು ಕೇಳಿಸಿತು. ಯಾರೂ ನಗಲಿಲ್ಲ. ಆಮೇಲೆ ಬಹಳ ಹೊತ್ತು ಎರಡು ಕಾಲು ಮಾತ್ರ ಕಾಣುತ್ತಿದ್ದವು, ಅಲುಗಾಡುತ್ತಿರಲಿಲ್ಲ.

"ಟೈಮ್ ಆಗ್ಲಿಕತ್ತದ," ಅಂದ ಹಿರಿಯ.

"ಆಗ್ಲಿ," ಅಂದ ಖಾಜಾಮಿಯಾ.

ಅವಿನಾಶ ಹೊರಗೆ ಬಂದ. ಎದೆ, ಹೆಗಲು, ಗದ್ದ ಎಲ್ಲ ಒದ್ದೆ. ಕೈಯಲ್ಲಿ ಕಿತ್ತ ಸಾಕೆಟ್ಟಿನ ಹಸಿರು ಅಂಟಿತ್ತು. ಅದನ್ನೇ ನೋಡುತ್ತ ನಿಂತ.

"ಎರಡು ಪಿನ್ನು ಇಲ್ಲವೇ ಇಲ್ಲ," ಅಂದ. "ಕುರಿ ಉಚ್ಚಿ ತಿಂದು ಹಾಕ್ಯದ. ಇದನ್ನ ಹಾಕಿ ಮೂರು ತಿಂಗಳೂ ಆಗಿಲ್ಲ."

ಜನಾಜಾ ಎತ್ತುವಾಗ ಅವನೂ ಹೆಗಲು ಕೊಡಲು ಬಂದ. ಹಿರಿಯ ತಡೆದ. "ಬ್ಯಾಡ್ರಿ, ಉಚ್ಚಿ ಬಿದ್ದು ಬಟ್ಟಿ ನಾಪಾಕ್ ಆಗ್ಯದ." ಅವಿನಾಶ ಅಂಗಿ ಕಳಚಿದ, ಬನಿಯನ್ನೂ ಕಳಚಿದ, ನಲ್ಲಿಯ ಕೆಳಗೆ ಕೂತು ತಲೆಯಿಂದ ನೀರು ಹೊಯ್ದುಕೊಂಡ.

ಪರದೆಯ ಹಿಂದಿನಿಂದ ಅಸ್ಗರಿ ಅಂದಳು: "ಕಳ್ಳ ಅಂದಿದ್ದು ಚೌಕಿನಾಗ, ಅವಿನಾಶ. ಅಂಗಳದಾಗಲ್ಲ."

ಅವನು ಬಾಗಿಲ ಕಡೆ ನೋಡದೆ ತಲೆಯಾಡಿಸಿ, ಮುಂದಿನ ಬಲಗಡೆಯ ಕೋಲಿಗೆ ಹೆಗಲು ಕೊಟ್ಟ.

ಚೌಕಿನಲ್ಲಿ ಚಹಾದಂಗಡಿಯವರು ಎದ್ದು ನಿಂತರು. ಕಲಿಮಾ ಹೇಳುವವರ ನಡುವೆ, ನೀರಿಳಿಯುವ ಬರಿಮೈಯಲ್ಲಿ ಕುರಿ ಗಾಡಿಯ ಧಣಿ.

"ಇದೇನ್ರಿ ಅವಿನಾಶ, ಅಂಗಿ ಎಲ್ಲಿ?"

"ಡಬ್ಬಿ ಹೊಸಾದೇ ಇತ್ತು!" ಅವನು ಕೂಗಿದ. ನಾಲ್ಕು ಹೆಜ್ಜೆ ನಡೆದು, ಎದುರಿನ ಹೋಟೆಲಿನ ಕಡೆ ತಿರುಗಿ ಮತ್ತೆ ಕೂಗಿದ. "ಕರೀಂ ಭಾಯಿ ಹಾಕಿದ ಡಬ್ಬಿ ಹೊಸಾದೇ ಇತ್ತು, ಕೇಳ್ರೋ!"

ಹೆಗಲು ಬದಲಿಸಲು ಇಬ್ಬರು ಬಂದರು. ಅವನು ಜಾಗ ಬಿಟ್ಟುಕೊಡಲಿಲ್ಲ.