ಸೋರುವ ಮರ

ಧಾರೇಶ್ವರದ ಮಾದೇವಿಯ ಹಿತ್ತಲಲ್ಲಿ ಉಳಿದಿದ್ದು ಒಂದೇ ತೆಂಗಿನ ಮರ. ಮಿಕ್ಕವು ಹೆದ್ದಾರಿ ಅಗಲ ಮಾಡುವಾಗ ಹೋಗಿದ್ದವು. ಮದುವೆಯಾಗಿ ಬಂದ ವರ್ಷ ಅವಳೇ ಬಚ್ಚಲ ನೀರು ಹಾಯಿಸಿ ಬೆಳೆಸಿದ ಮರ ಅದು. ಎತ್ತರವಾದ ಹಾಗೆ ಪಕ್ಕದ ಮನೆಯ ಕಡೆ ವಾಲಿತ್ತು. ಆ ಮನೆಯಲ್ಲಿ ಸಣ್ಣಿ ಮಗಳು ಚಂದನಾಳ ಜೊತೆ ಇದ್ದಳು. ಗಂಡ ತೀರಿಕೊಂಡ ಮೇಲೆ ಅಘನಾಶಿನಿ ಹೊಳೆಯಿಂದ ಚಿಪ್ಪಿಮೀನು ತಂದು, ಬುಟ್ಟಿ ಹೊತ್ತು, ಮನೆಮನೆಗೆ ನಡೆದು ಮಾರಿ ಮಗಳನ್ನು ಓದಿಸಿದವಳು.

ಬೇಸಿಗೆಯಲ್ಲಿ ಮರದ ಕಾಂಡ ಬಿರಿದು ಕೆಂಗಂದು ರಸ ಸೋರತೊಡಗಿತು. ಒಣಗಿದಲ್ಲೆಲ್ಲ ಕಪ್ಪು ಕಲೆ. ಮಾದೇವಿ ಮೊಬೈಲಿನಲ್ಲಿ ಫೋಟೊ ತೆಗೆದು ಕುಮಟೆಯ ತೋಟಗಾರಿಕೆ ಇಲಾಖೆಗೆ ಹೋದಳು. ಅಲ್ಲಿನ ಅಧಿಕಾರಿ ಶ್ರೀಗೌರಿ ನೋಡಿದ ಕೂಡಲೇ ಗುರುತಿಸಿದರು.

“ಕಾಂಡ ಸೋರುವ ರೋಗ. ಕೊಳೆತದ್ದನ್ನೆಲ್ಲ ಉಳಿಯಿಂದ ಕೆತ್ತಿ ತೆಗೀರಿ, ಗಟ್ಟಿ ಭಾಗ ಸಿಗೋವರೆಗೆ. ಚೂರು ಸುಟ್ಟುಬಿಡಿ. ಆಮೇಲೆ ಮೈಲುತುತ್ತ, ಸುಣ್ಣ ಕಲಸಿದ ಮುಲಾಮು ಹಚ್ಚಿ, ಬುಡಕ್ಕೆ ಬೇವಿನ ಹಿಂಡಿ ಹಾಕಿ. ಆದರೆ ಒಳಗೆ ಟೊಳ್ಳಾಗಿದ್ರೆ ಇಟ್ಕೊಬೇಡಿ. ಮನೆ ಹತ್ರದ ಮರ ಅದು.”

ಮರುದಿನ ಮಾದೇವಿ ಉಳಿ ಹಿಡಿದು ಕೂತಳು. ಮೇಲಿನ ಕಪ್ಪು ಬೇಗ ಬಂತು. ಅದರ ಹಿಂದೆ ನೆನೆದ ನಾರು, ಹುಳಿ ವಾಸನೆ. ಕೆತ್ತಿದಷ್ಟೂ ಕಂದು ಪುಡಿಯೇ ಉದುರಿತು. ಕೊನೆಗೆ ಉಳಿ ಹಿಡಿಯವರೆಗೆ ಒಳಗೆ ಹೋಯಿತು, ಎಲ್ಲೂ ಗಟ್ಟಿ ತಾಗಲಿಲ್ಲ. ಅವಳು ತಲೆಯೆತ್ತಿದಳು. ಮೇಲೆ ಗೊನೆಗಳು ತುಂಬಿದ್ದವು. ಸುಮ್ಮನೆ ಮುಲಾಮು ಕಲಸಿ, ದಪ್ಪಗೆ ಮೆತ್ತಿ, ತೂತಿನ ಬಾಯಿ ಮುಚ್ಚಿದಳು.

ಸಂಜೆ ಹೊನ್ನಾವರದ ಕೆಲಸದಿಂದ ಬಂದ ಗಂಡ ದಿನಕರ ಕೇಳಿದ, “ಕೊಳೆತದ್ದು ಒಳಗೆ ಎಷ್ಟು ಹೋಗ್ಯದೆ?”

“ಮೇಲೆ ಮೇಲೆ ಅಷ್ಟೇ.”

“ಸಂಶಯ ಇದ್ರೆ ಕಡಿಸಿಬಿಡುವ.”

“ಎಂತ ಸಂಶಯನೂ ಇಲ್ಲ. ಔಷಧಿ ಹಚ್ಚಿ ಆತು.”

ರಸ ಸೋರುವುದು ನಿಂತಿತು. ಸಣ್ಣಿ ಬೇಲಿಯಾಚೆಯಿಂದ ನೋಡಿ, “ಬಚಾವಾತಲ್ಲೇ ನಿನ್ನ ಮರ,” ಅಂದು ನಕ್ಕಳು. ಮಾದೇವಿಯೂ ನಕ್ಕಳು. ಗಾಳಿ ಬೀಸಿದಾಗೆಲ್ಲ ಮಾತ್ರ ಒಲೆಯ ಮುಂದಿನಿಂದ ಎದ್ದು ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ಜೂನಿನ ಮೊದಲ ಬಿರುಗಾಳಿಗೆ, ಬೆಳಗಿನ ಹೊತ್ತು, ಮರ ಮುಲಾಮು ಹಚ್ಚಿದ ಜಾಗದಲ್ಲೇ ಮುರಿಯಿತು. ಸಣ್ಣಿ ಅಂಗಳದ ಪಾತ್ರೆ ಒಳಗಿಡಲು ಬಗ್ಗಿದ್ದಳು. ಓಡಿ ಬಂದವರು ಅವಳ ಕಾಲ ಮೇಲಿಂದ ಕಾಂಡವನ್ನು ಎತ್ತುವವರೆಗೂ ಅವಳಿಗೆ ಪ್ರಜ್ಞೆ ಇತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ ಎಡಗಾಲನ್ನು ಮೊಣಕಾಲಿನ ಮೇಲಿಂದ ಕತ್ತರಿಸಿ ತೆಗೆದರು.

“ಗಾಳಿ ಅಂದ್ರೆ ಅಂಥಾ ಗಾಳಿ. ಯಾರು ಎಂತ ಮಾಡುದು?” ಎಂದಿತು ಕೇರಿ. ದಿನಕರ ಮಾತ್ರ ಉಳಿದ ಬೊಡ್ಡೆಯ ಬಳಿ ಕೂತು ಕೈ ಒಳಗೆ ಹಾಕಿದ. ಮೊಣಕೈವರೆಗೆ ಹೋಯಿತು. ಒಳಗೆ ಬಂದು ಹೆಂಡತಿಯ ಮುಖ ನೋಡಿದ.

“ಮೇಲೆ ಮೇಲೆ ಅಷ್ಟೇ ಅಂದಿದ್ದೆ ನೀನು.”

ಅಂದಿನಿಂದ ಅವನು ಅವಳನ್ನು ಏನೂ ಕೇಳಲಿಲ್ಲ, ಊಟಕ್ಕೆ ಏನಿದೆ ಎಂದು ಸಹ.

ಸಣ್ಣಿಯನ್ನು ಮನೆಗೆ ತಂದ ಮೇಲೆ ಮಾದೇವಿ ದಿನಾ ಹೋಗಿ ಮೈ ಒರೆಸಿದಳು, ಬಟ್ಟೆ ಒಗೆದಳು. ಚಂದನಾ, “ನೀವಿಲ್ದಿದ್ರೆ ನಾ ಎಂತ ಮಾಡ್ತಿದ್ದೆ ಮಾದೇವಕ್ಕ,” ಎಂದು ಕೈ ಹಿಡಿದುಕೊಂಡಾಗ ಅವಳಿಗೆ ತಡೆಯಲಾಗಲಿಲ್ಲ. ಹುಡುಗಿ ಗಂಜಿಗಿಡಲು ಒಳಗೆ ಹೋದದ್ದೇ ಮಂಚದ ಪಕ್ಕ ಕೂತು ಎಲ್ಲ ಹೇಳಿದಳು. ಉಳಿ ಎಷ್ಟು ಒಳಗೆ ಹೋಯಿತು, ತಾನು ಹೇಗೆ ಮುಚ್ಚಿದೆ ಎಂಬುದನ್ನೂ.

ಸಣ್ಣಿ ಹೊದಿಕೆಯನ್ನು ಕಾಲಿನ ಮೇಲೆ ಎಳೆದುಕೊಂಡಳು.

“ಹೇಳಿ ನಿಂಗೆ ಹಗುರ ಆತು,” ಅಂದಳು. “ನಾ ಈಗ ಈ ಮಾತನ್ನ ಎಲ್ಲಿ ಇಡ್ಲಿ?”

ಚಂದನಾ ಗಂಜಿಯ ಬಟ್ಟಲು ಹಿಡಿದು ಬಂದಳು. ಮಾದೇವಿ ಎದ್ದು ಅವಳಿಗೆ ಜಾಗ ಬಿಟ್ಟಳು.