ಬೇಲಿಯಾಚೆಯ ಉಸಿರು

ಬೆಕ್ಕು ಹೋಗಿಬಿಟ್ಟಿತು, ಗೇಟಿನ ಸರಳುಗಳ ನಡುವೆ ಬಾಲವನ್ನೂ ತಾಗಿಸದೆ, ನೀನು ಯಾವ ದೇಶದವನೆಂದು ಅದನ್ನು ಯಾರೂ ಕೇಳಲಿಲ್ಲ, ಈ ಪೊಲೀಸಪ್ಪ ಬಂದೂಕನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡನಷ್ಟೆ, ನಮ್ಮವನೇ, ನಮ್ಮ ಸರ್ಕಾರದ ಸಂಬಳದವನೇ, ಕಾಯುವುದು ಮಾತ್ರ ಈ ಪರದೇಶದ ರಾಯಭಾರಿಯ ಮನೆಯನ್ನು, ಯಾರಿಂದ, ನನ್ನಿಂದ — ಇಸ್ತ್ರಿ ಅಂಗಡಿಯಿಂದ ಉಟ್ಟಬಟ್ಟೆಯಲ್ಲೇ ಓಡಿಬಂದು, ಕೈಯಲ್ಲಿ ಮಗಳಿಗೆಂದು ದಾರಿಯಲ್ಲಿ ಕೊಂಡ ನೀಲಿ ಇನ್ಹೇಲರ್ ಹಿಡಿದು ನಿಂತವಳಿಂದ. ಅಮ್ಮಾ, ಪಂಪು ಖಾಲಿ, ಉಸಿರು ಸಿಗ್ತಿಲ್ಲ, ಮನೆಯವರೆಲ್ಲ ಹೊರಗಿಂದ ಬೀಗ ಹಾಕ್ಕೊಂಡು ಹೋಗಿದಾರೆ — ಇಷ್ಟು ಹೇಳುವುದಕ್ಕೆ ಫೋನಿನಲ್ಲಿ ಎಷ್ಟು ಸಲ ನಿಂತಳು, ಮಾತಿನಮಲ್ಲಿ ನನ್ನ ಪುಟ್ಟಿ. ಈ ಮನೆಯ ಮಕ್ಕಳನ್ನು ನೋಡಿಕೊಳ್ಳಲು ಸೇರಿದಾಗ ಏನು ಸಂಭ್ರಮ, ಅಮ್ಮ, ಅಲ್ಲಿ ಧೂಳೇ ಇಲ್ಲ ಗೊತ್ತಾ, ಸೀನು ಬಂದ್ರೂ ಕ್ಷಮೆ ಕೇಳ್ಬೇಕು. ಈಗ ಮಹಡಿಯ ಕೊನೆಯ ಕಿಟಕಿಯಲ್ಲಿ ಅವಳ ಮುಖ, ಸರಳು ಹಿಡಿದ ಬೆರಳು.

ಆಂಬುಲೆನ್ಸ್ ಬಂದು ನಿಂತಿದೆ, ಅದರ ನೆತ್ತಿಯ ದೀಪ ಸುಮ್ಮನೆ ಸುತ್ತುತ್ತಿದೆ, ಇಳಿಸಿದ ಸ್ಟ್ರೆಚರ್ ಮೇಲೆ ಯಾರದೋ ನೀರಿನ ಬಾಟಲಿ ಮಲಗಿದೆ. ಒಳಗೆ ಕಾಲಿಡೋ ಹಾಗಿಲ್ಲಮ್ಮ, ರಾಯಭಾರಿಗಳು ಒಪ್ಪಬೇಕು, ಅಂದ ಪೊಲೀಸಪ್ಪ. ಹಾಗಾದ್ರೆ ಒಪ್ಪಿಸಪ್ಪ. ಅವರು ವಿಮಾನದಲ್ಲಿದಾರಂತೆ, ಇಳಿದ ಮೇಲೆ ಕೇಳ್ತಾರಂತೆ. ಅವರ ಕೈಕೆಳಗಿನವರು? ನಮಗೆ ಆ ಅಧಿಕಾರ ಇಲ್ಲ ಅಂದ್ರು. ಗೇಟು ಮುರಿಯಿರಿ. ಮುರಿದ್ರೆ ಎರಡು ದೇಶಗಳ ವಿಷಯ ಆಗುತ್ತಮ್ಮ. ಒಂದು ಹುಡುಗಿ ಸತ್ತರೆ ಎಷ್ಟು ದೇಶಗಳ ವಿಷಯ. ಪೊಲೀಸಪ್ಪನ ಫೋನಿನಲ್ಲಿ ನಮ್ಮ ವಿದೇಶಾಂಗ ಕಚೇರಿಯವರು ನನ್ನ ಹತ್ತಿರವೂ ಮಾತಾಡಿದರು, ಬೆಣ್ಣೆಯಂಥ ದನಿ, ತಾಯಿ, ನಿಮ್ಮ ಮಗಳಿಗೆ ಬದುಕುವ ಹಕ್ಕು ಖಂಡಿತ ಇದೆ, ಯಾರೂ ಇಲ್ಲ ಅನ್ನಲ್ಲ, ಆದ್ರೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಆ ಮನೆಗೂ ರಕ್ಷಣೆ ಇದೆಯಲ್ಲ — ಮನೆಗೆ! ಇಟ್ಟಿಗೆಗೆ ದಮ್ಮು ಕಟ್ಟುತ್ತದೆಯೇ, ಕದದ ತುಟಿ ನೀಲಿಗಟ್ಟುತ್ತದೆಯೇ.

ಚಿಕ್ಕವಳಿದ್ದಾಗ ದಿಂಬಿಗೆ ಒರಗಿಸಿ ಕೂರಿಸುತ್ತಿದ್ದೆ, ಆತುರ ಬೇಡ ಪುಟ್ಟಿ, ನನ್ನ ಜೊತೆ ಉಸಿರು ಬಿಡು, ಹೀಗೆ, ನಿಧಾನ — ಈಗಲೂ ಹಾಗೆಯೇ ಮಾಡುತ್ತಿದ್ದೇನೆ ಬೀದಿಯಲ್ಲಿ ನಿಂತು, ಅವಳಿಗೆ ಕಾಣಲೆಂದು ಎದೆಯುಬ್ಬಿಸಿ ಎಳೆದು, ಬಾಯಿಯುಬ್ಬಿಸಿ ಬಿಟ್ಟು, ಪಕ್ಕದಲ್ಲಿ ಪೊಲೀಸಪ್ಪನೂ ತನಗೆ ತಿಳಿಯದಂತೆ ಎಳೆದು ಬಿಡುತ್ತಿದ್ದಾನೆ, ಪಾಪ, ಅವನೂ ಒಬ್ಬ ತಾಯಿಯ ಮಗ. ಪಕ್ಕದ ಓಣಿಯಿಂದ ಕಿಟಕಿ ಹತ್ತಿರ ಆಗುತ್ತಮ್ಮ, ಬೇಲಿ ಮುಟ್ಟಬೇಡಿ, ಕರೆಂಟಿದೆ — ಪೊಲೀಸಪ್ಪ ಗಂಟಲು ಸರಿಮಾಡಿಕೊಂಡ — ನಾನು ಸ್ವಲ್ಪ ಆ ಕಡೆ ನೋಡ್ತಿರ್ತೀನಿ. ಆಂಬುಲೆನ್ಸಿನವರ ಹತ್ತಿರ ಇರುವುದೆಲ್ಲ ದೊಡ್ಡ ಸಿಲಿಂಡರು, ಎಸೆಯುವಂಥದ್ದಲ್ಲ, ನನ್ನ ಕೈಯಲ್ಲಿರುವುದು ಇದೊಂದೇ. ಓಣಿಗೆ ಓಡಿದೆ, ಪುಟ್ಟೀ, ಕೈ ಚಾಚೇ! ಚಾಚಿದಳು, ಎಸೆದೆ, ಹೋಯಿತು, ಮೇಲೆ ಹೋಯಿತು, ಸರಳಿಗೆ ಟಣ್ ಎಂದು ತಾಗಿತು, ಅವಳ ಬೆರಳಿಗೂ ತಾಗಿತೇನೋ, ಬಿತ್ತು.

ಹುಲ್ಲಿನ ಮೇಲೆ ಬಿತ್ತು. ಗೋಡೆಯ ಬುಡದಲ್ಲಿ, ಕೋಲಿಗೂ ಎಟುಕದಷ್ಟು ದೂರ, ಬೇಲಿಯ ಸಂದಿಯಲ್ಲಿ ಚೆನ್ನಾಗಿ ಕಾಣುತ್ತದೆ, ಅಷ್ಟು ನೀಲಿ. ಹಿಂದೆಯೇ ಬಂದ ಪೊಲೀಸಪ್ಪನಿಗೆ ಅಂದೆ, ಒಳಗೆ ಹೋಗಪ್ಪಾ, ನಾಲ್ಕು ಹೆಜ್ಜೆ, ತಂದು ಇನ್ನೊಂದು ಸಲ ಎಸಿ. ಅಮ್ಮ, ನನ್ನ ಕೈಲಾಗಲ್ಲಮ್ಮ. ಅಳುತ್ತಿದ್ದಾನೆಯೇ, ಅಳಲಿ. ಕಿಟಕಿಯಲ್ಲಿ ಈಗ ಬೆರಳಿಲ್ಲ, ಕುಳಿತಿದ್ದಾಳೆ ಅಷ್ಟೆ, ಸುಸ್ತಾಗಿ ಕುಳಿತಿದ್ದಾಳೆ, ನಿಧಾನ ಪುಟ್ಟಿ, ನನ್ನ ಜೊತೆ — ಚಿರ್ ಎಂದಿತು ಏನೋ, ಯಾರೂ ಇಲ್ಲವೆಂದು ಬೀಗ ಹಾಕಿದ ಮನೆಯ ಹುಲ್ಲಿಗೆ ನೀರು ತಾನೇ ಶುರುವಾಯಿತು, ನಳಿಕೆ ತಲೆಯೆತ್ತಿ ಸುತ್ತುತ್ತಿದೆ, ಹುಲ್ಲು ಬಾಡಬಾರದಲ್ಲ, ನೀರು ನೀಲಿಯ ಮೇಲೆ ಬಂತು, ಹೋಯಿತು, ಮೇಲೆ ನೋಡುವುದಿಲ್ಲ ನಾನು, ಕಿಟಕಿ ನೋಡುವುದಿಲ್ಲ, ಹುಲ್ಲು, ನೀಲಿ, ಅದರ ಬಾಯಿ ಮೇಲಕ್ಕೆ ತೆರೆದಿದೆ, ನೀರು ಬಂತು, ಬಾಯಿ ತುಂಬಿತು, ಹೋಯಿತು, ಹುಲ್ಲಿನ ಮೇಲೆ ನೀಲಿ, ತೆರೆದ ಬಾಯಿ, ನೀರು ಬಂತು